ಸೋಲಿನ ಲೆಕ್ಕವನ್ನು ಒಬ್ಬನ ಖಾತೆಗೆ ಬರೆಯಬೇಡಿ

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ಒಬ್ಬ ವಿದ್ಯಾರ್ಥಿ

ಕಳೆದ ತಿಂಗಳ ಅಂತರ ಕಾಲೇಜು ಕ್ರಿಕೆಟ್ ಫೈನಲ್ ಬಗ್ಗೆ ಇನ್ನೂ ಯಾಕೆ ಮಾತು ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಸೋತಿದ್ದು ಆಯ್ತು, ಮರೆತುಬಿಡೋಣ ಅನ್ನಬಹುದು. ಆದರೆ ಆ ಪಂದ್ಯದ ನಂತರ ನಾನು ಮಾಡಿದ ಒಂದು ಕೆಲಸ ನನಗೆ ಮರೆಯಲು ಆಗುತ್ತಿಲ್ಲ. ಅದನ್ನು ಬರೆಯುವ ಮೊದಲು ನನ್ನ ಸಹಪಾಠಿಯ ಒಪ್ಪಿಗೆ ಕೇಳಿದ್ದೇನೆ. ಅವನು ‘ಹೆಸರು ಹಾಕಬೇಡ, ಉಳಿದದ್ದೆಲ್ಲಾ ಬರಿ’ ಎಂದಿದ್ದಾನೆ.

ಅಂದು ಸ್ಕೋರ್ ಬರೆಯುವ ಕೆಲಸ ನನ್ನದಾಗಿತ್ತು. ಹದಿನೈದು ಓವರ್‌ಗಳ ಪಂದ್ಯ. ನಾವು ಮೊದಲು ಬ್ಯಾಟ್ ಮಾಡಿ 118 ರನ್ ಗಳಿಸಿದೆವು. ಹನ್ನೆರಡು ಓವರ್ ಮುಗಿದಾಗ ಎದುರಾಳಿಗಳು 7 ವಿಕೆಟ್‌ಗೆ 83. ಮೂರು ಓವರ್‌ನಲ್ಲಿ 36 ರನ್ ಬೇಕು, ಕೈಯಲ್ಲಿ ಮೂರೇ ವಿಕೆಟ್. ಆಗಲೇ ನಮ್ಮ ಹುಡುಗರಲ್ಲಿ ಇಬ್ಬರು ಪಟಾಕಿ ತರಲು ಬೈಕ್ ಹತ್ತಿ ಹೋಗಿದ್ದರು. ನಾನೂ ಕಡಿಮೆಯವನಲ್ಲ. ಸ್ಕೋರ್‌ಶೀಟಿನ ಕೆಳಗೆ ಫಲಿತಾಂಶದ ಸಾಲಿನಲ್ಲಿ ಪೆನ್ಸಿಲ್‌ನಿಂದ ನಮ್ಮ ಕಾಲೇಜಿನ ಹೆಸರು ಬರೆದು, ‘ಜಯ’ ಎಂಬ ಪದವನ್ನೂ ಬರೆದು, ರನ್ನಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೆ.

ಹದಿಮೂರನೇ ಓವರ್‌ನಲ್ಲಿ 9 ರನ್ ಬಂತು, ಹದಿನಾಲ್ಕರಲ್ಲಿ 11. ಕೊನೆಯ ಓವರ್‌ಗೆ 16 ಬೇಕು. ಚೆಂಡು ನಮ್ಮ ಕ್ಲಾಸಿನ ಹುಡುಗನ ಕೈಗೆ ಬಂತು. ಒಂದು ಎಸೆತ ಬಾಕಿ ಇರುವಾಗಲೇ ಪಂದ್ಯ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪಟಾಕಿ ತಂದವರು ಗೇಟಿನ ಬಳಿಯೇ ನಿಂತುಬಿಟ್ಟರು. ನಾನು ರಬ್ಬರ್ ತೆಗೆದುಕೊಂಡು ‘ಜಯ’ ಅಳಿಸಿದೆ.

ಮನೆಗೆ ಹೋಗುವ ಮೊದಲೇ ಸ್ಕೋರ್‌ಶೀಟಿನಲ್ಲಿ ಆ ಕೊನೆಯ ಓವರ್‌ನ ಸುತ್ತ ಕೆಂಪು ಪೆನ್ನಿನಿಂದ ಒಂದು ವೃತ್ತ ಹಾಕಿ, ಫೋಟೊ ತೆಗೆದು, ‘ಶುಕ್ರಿಯಾ ಭಾಯಿ’ ಎಂದು ಬರೆದು ಸ್ಟೇಟಸ್ ಹಾಕಿದೆ. ರಾತ್ರಿಯೊಳಗೆ ಅದು ಎಷ್ಟೋ ಗ್ರೂಪ್‌ಗಳಿಗೆ ಹೋಗಿತ್ತು. ಯಾರ್ಯಾರೋ ನಗುವ ಚಿಹ್ನೆ ಹಾಕಿದ್ದರು. ನನಗೆ ನಿಜವಾಗಿಯೂ ಸ್ವಲ್ಪ ಸಮಾಧಾನ ಆಯಿತು. ಆ ಸಮಾಧಾನದ ಬಗ್ಗೆಯೇ ಈ ಲೇಖನ.

ಮುನ್ನಡೆಯಲ್ಲಿದ್ದು ಸೋಲುವ ನೋವು ಬೇರೆ ಸೋಲುಗಳ ಹಾಗಲ್ಲ. ಮೊದಲಿನಿಂದಲೂ ಸೋಲುತ್ತಾ ಬಂದ ಪಂದ್ಯಕ್ಕೆ ಮನಸ್ಸು ಮೊದಲೇ ತಯಾರಾಗಿರುತ್ತದೆ. ಇಲ್ಲಿ ಹಾಗಲ್ಲ. ಗೆಲುವನ್ನು ಆಗಲೇ ಖರ್ಚು ಮಾಡಿಬಿಟ್ಟಿರುತ್ತೇವೆ, ಆಮೇಲೆ ಅದು ನಮ್ಮದಾಗಿರಲೇ ಇಲ್ಲ ಎಂದು ಗೊತ್ತಾಗುತ್ತದೆ.

ಈ ನೋವನ್ನು ನಾನು ಮೊದಲು ನೋಡಿದ್ದು 2016ರ ಮೇ 29ರ ರಾತ್ರಿ. ಎರಡನೇ ತರಗತಿ ಮುಗಿಸಿದ ಬೇಸಿಗೆ ರಜೆ. ಚಿನ್ನಸ್ವಾಮಿ ಮೈದಾನದಲ್ಲಿ ಐಪಿಎಲ್ ಫೈನಲ್. ಸನ್‌ರೈಸರ್ಸ್ ಹೈದರಾಬಾದ್ 208 ರನ್ ಗಳಿಸಿತ್ತು. ನಮ್ಮ ಆರ್‌ಸಿಬಿಯ ಗೇಲ್ ಮತ್ತು ಕೊಹ್ಲಿ ಹತ್ತೂವರೆ ಓವರ್‌ನಲ್ಲಿ ವಿಕೆಟ್ ನಷ್ಟವಿಲ್ಲದೆ 114 ರನ್ ಸೇರಿಸಿದಾಗ ನಮ್ಮ ಮನೆಯಲ್ಲಿ ಈದ್ ಚಾಂದ್ ಕಂಡ ಹಾಗೆ ಗಲಾಟೆ. ಗೇಲ್ 76ಕ್ಕೆ ಔಟಾದರು, ಕೊಹ್ಲಿ 54ಕ್ಕೆ, ಡಿವಿಲಿಯರ್ಸ್ 5ಕ್ಕೆ. ಕೊನೆಗೆ 7 ವಿಕೆಟ್‌ಗೆ 200. ಎಂಟು ರನ್ನಿನಿಂದ ಸೋಲು. ನಮ್ಮ ಮಾಮು ಒಂದು ಮಾತೂ ಆಡದೆ ಎದ್ದು ಹೊರಗೆ ಹೋದರು. ಮಧ್ಯರಾತ್ರಿ ಹತ್ತಿರವಾಗಿತ್ತು, ಅವರು ಬೀದಿದೀಪದ ಬೆಳಕಿನಲ್ಲಿ ಬೈಕ್ ಒರೆಸುತ್ತಾ ಕೂತಿದ್ದರು. ಅಬ್ಬಾ ಹೋಗಿ ಪಕ್ಕದಲ್ಲಿ ನಿಂತು, ‘ಹಾರ್-ಜೀತ್ ಚಲ್ತೇಚ್ ರಹತಾ’ ಎಂದರು. ಸೋಲು-ಗೆಲುವು ನಡೆಯುತ್ತಲೇ ಇರುತ್ತದೆ ಎಂದು. ಮಾಮು ಬೈಕ್ ಒರೆಸುವುದನ್ನು ನಿಲ್ಲಿಸಲಿಲ್ಲ.

ಒಬ್ಬೊಬ್ಬರದು ಒಂದೊಂದು ದಾರಿ. ಕೆಲವರು ಊಟ ಬಿಡುತ್ತಾರೆ. ಕೆಲವರು ‘ಇನ್ನು ಮೇಲೆ ಕ್ರಿಕೆಟ್ ನೋಡಿದರೆ ಕೇಳು’ ಎಂದು ಆಣೆ ಮಾಡಿ, ಮುಂದಿನ ಪಂದ್ಯಕ್ಕೆ ಎಲ್ಲರಿಗಿಂತ ಮೊದಲು ಟಿವಿ ಮುಂದೆ ಕೂರುತ್ತಾರೆ. ಕೆಲವರು ತಾವು ಕೂತ ಜಾಗ ಬದಲಿಸಿದ್ದೇ ಸೋಲಿಗೆ ಕಾರಣ ಎನ್ನುತ್ತಾರೆ. ಇದರಿಂದ ಯಾರಿಗೂ ತೊಂದರೆ ಇಲ್ಲ, ಮಾಮುವಿನ ಬೈಕಂತೂ ಸ್ವಚ್ಛವಾಯಿತು.

ತೊಂದರೆ ಇರುವುದು ಇನ್ನೊಂದು ದಾರಿಯಲ್ಲಿ. ಅದು ಅಪರಾಧಿಯನ್ನು ಹುಡುಕುವ ದಾರಿ. 2016ರ ಫೈನಲ್ ಎಂದ ಕೂಡಲೇ ಇವತ್ತಿಗೂ ಎಷ್ಟೋ ಜನ ಹೇಳುವುದು ವಾಟ್ಸನ್ ಹೆಸರು. ಅವರ ನಾಲ್ಕು ಓವರ್‌ಗೆ 61 ರನ್, ಇನ್ನಿಂಗ್ಸಿನ ಕೊನೆಯ ಓವರ್‌ಗೆ 24 ರನ್ ಹೋದದ್ದು ನಿಜ. ಆದರೆ ಅದಾದ ಮೇಲೆಯೇ ಅಲ್ಲವೇ ನಾವು 114ಕ್ಕೆ ಸೊನ್ನೆ ವಿಕೆಟ್ ಎಂಬಲ್ಲಿ ಇದ್ದದ್ದು? ಆಮೇಲೆ ಕೈಜಾರಿದ ಪಂದ್ಯದಲ್ಲಿ ಹಲವರ ಪಾಲಿತ್ತು.

ಅಕೌಂಟೆನ್ಸಿ ಓದುವವರಿಗೆ ಇದು ಬೇಗ ಅರ್ಥವಾಗುತ್ತದೆ. ತಾಳೆ ಪಟ್ಟಿಯ ಎರಡು ಕಡೆ ಸರಿಹೊಂದದಿದ್ದಾಗ ವ್ಯತ್ಯಾಸದ ಮೊತ್ತವನ್ನು ತಾತ್ಕಾಲಿಕವಾಗಿ ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ತಾತ್ಕಾಲಿಕವಾಗಿ ಎಂಬುದು ಮುಖ್ಯ. ಆಮೇಲೆ ಕೂತು ಪುಸ್ತಕವೆಲ್ಲಾ ತಿರುವಿ ತಪ್ಪು ಎಲ್ಲೆಲ್ಲಿ ಆಗಿದೆ ಎಂದು ಹುಡುಕಿ ಆ ಖಾತೆಯನ್ನು ಮುಚ್ಚಬೇಕು. ಅಭಿಮಾನಿಗಳಾದ ನಾವು ಒಬ್ಬ ಮನುಷ್ಯನ ಹೆಸರಿನಲ್ಲಿ ಸಸ್ಪೆನ್ಸ್ ಖಾತೆ ತೆರೆದು, ಎಲ್ಲಾ ವ್ಯತ್ಯಾಸವನ್ನೂ ಅವನ ತಲೆಗೆ ಕಟ್ಟಿ, ಪುಸ್ತಕ ಮುಚ್ಚಿಬಿಡುತ್ತೇವೆ. ಖಾತೆ ಮಾತ್ರ ಮುಚ್ಚುವುದಿಲ್ಲ.

ಎಷ್ಟು ವರ್ಷ ಮುಚ್ಚುವುದಿಲ್ಲ ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. 1950ರ ಫುಟ್‌ಬಾಲ್ ವಿಶ್ವಕಪ್‌ನ ಕೊನೆಯ ಪಂದ್ಯದಲ್ಲಿ ಮರಕಾನಾ ಮೈದಾನದಲ್ಲಿ ಬ್ರೆಜಿಲ್‌ಗೆ ಉರುಗ್ವೆ ವಿರುದ್ಧ ಡ್ರಾ ಆದರೂ ಸಾಕಿತ್ತು. ಬ್ರೆಜಿಲ್ ಮೊದಲ ಗೋಲು ಹೊಡೆದು ಮುಂದಿತ್ತು, ಆಮೇಲೆ ಎರಡು ಗೋಲು ಬಿಟ್ಟುಕೊಟ್ಟು 1-2ರಿಂದ ಸೋತಿತು. ದೇಶವೆಲ್ಲಾ ಬೆರಳು ತೋರಿಸಿದ್ದು ಗೋಲ್‌ಕೀಪರ್ ಬಾರ್ಬೊಸಾ ಕಡೆಗೆ. ಅವರು ತೀರಿಕೊಂಡದ್ದು 2000ದಲ್ಲಿ. ಐವತ್ತು ವರ್ಷ ಆ ಒಂದು ಗೋಲು ಅವರ ಹಿಂದೆಯೇ ಬಂತು.

ಇನ್ನೊಂದು ನಮ್ಮದೇ ದೇಶದ್ದು. 1986ರ ಏಪ್ರಿಲ್ 18ರಂದು ಶಾರ್ಜಾದಲ್ಲಿ ಪಾಕಿಸ್ತಾನಕ್ಕೆ ಕೊನೆಯ ಎಸೆತದಲ್ಲಿ 4 ರನ್ ಬೇಕಿತ್ತು, ಕೈಯಲ್ಲಿ ಒಂದೇ ವಿಕೆಟ್. ಚೇತನ್ ಶರ್ಮಾ ಎಸೆದ ಚೆಂಡನ್ನು ಜಾವೇದ್ ಮಿಯಾಂದಾದ್ ಸಿಕ್ಸರ್ ಹೊಡೆದರು. ಅದು ನಮ್ಮ ಅಜ್ಜಂದಿರಿಗೂ ಗೊತ್ತು, ನಮಗೂ ಗೊತ್ತು. ಆದರೆ ಅದರ ಮರುವರ್ಷ, 1987ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಹ್ಯಾಟ್ರಿಕ್ ಪಡೆದು, ವಿಶ್ವಕಪ್ ಇತಿಹಾಸದ ಮೊದಲ ಹ್ಯಾಟ್ರಿಕ್ ಬರೆದವರೂ ಅದೇ ಚೇತನ್ ಶರ್ಮಾ. ನಮ್ಮ ಕ್ಲಾಸಿನಲ್ಲಿ ಕೇಳಿದೆ. ಸಿಕ್ಸರ್ ಬಗ್ಗೆ ಹೆಚ್ಚಿನವರಿಗೆ ಗೊತ್ತಿತ್ತು, ಹ್ಯಾಟ್ರಿಕ್ ಬಗ್ಗೆ ಇಬ್ಬರಿಗೆ. ಖರ್ಚಿನ ಕಡೆ ಮಾತ್ರ ಬರೆದು ಜಮಾ ಕಡೆ ಖಾಲಿ ಬಿಡುವ ಲೆಕ್ಕವನ್ನು ನಮ್ಮ ಉಪನ್ಯಾಸಕರು ಒಪ್ಪುತ್ತಾರೆಯೇ?

ಬೆರಳು ತೋರಿಸುವ ಚಟ ಇನ್ನೂ ಕೆಟ್ಟ ಕಡೆಗೂ ಹೋಗುತ್ತದೆ. 2021ರ ಅಕ್ಟೋಬರ್‌ನಲ್ಲಿ ದುಬೈನಲ್ಲಿ ಭಾರತ ಪಾಕಿಸ್ತಾನದ ವಿರುದ್ಧ ಹತ್ತು ವಿಕೆಟ್‌ನಿಂದ ಸೋತಿತು. ಹತ್ತು ವಿಕೆಟ್ ಸೋಲು ಎಂದರೆ ಯಾವ ಬೌಲರಿಗೂ ಒಂದು ವಿಕೆಟ್ ಸಿಗಲಿಲ್ಲ ಎಂದರ್ಥ. ಆದರೂ ಬೈಗುಳದ ದೊಡ್ಡ ಪಾಲು ಹೋಗಿದ್ದು ಮೊಹಮ್ಮದ್ ಶಮಿಯವರಿಗೆ, ಅದೂ ಅವರ ಧರ್ಮದ ಹೆಸರಿನಲ್ಲಿ. ಆಗ ನಾನು ಎಂಟನೇ ತರಗತಿ. ಅಮ್ಮಿಯ ಮೊಬೈಲಿನಲ್ಲಿ ಅದನ್ನೆಲ್ಲಾ ಓದುತ್ತಾ ಇದ್ದೆ. ಅಬ್ಬಾ ಬಂದು ಮೊಬೈಲ್ ತೆಗೆದುಕೊಂಡು ಪಕ್ಕಕ್ಕಿಟ್ಟರು, ಏನೂ ಹೇಳಲಿಲ್ಲ. ಕೆಲವು ದಿನಗಳ ನಂತರ ನಾಯಕ ಕೊಹ್ಲಿ ಪತ್ರಕರ್ತರ ಮುಂದೆ ಕೂತು ಶಮಿಯವರ ಪರವಾಗಿ ನೇರವಾಗಿ, ಖಾರವಾಗಿ ಮಾತಾಡಿದರು. ನಾಯಕ ಎಂದರೆ ಹೀಗಿರಬೇಕು ಎಂದು ಅಂದು ನಾವೆಲ್ಲಾ ಮೆಚ್ಚಿಕೊಂಡೆವು.

ಅಂದು ಅಷ್ಟು ನೊಂದುಕೊಂಡಿದ್ದ ಹುಡುಗನೇ ನಾಲ್ಕು ವರ್ಷದ ನಂತರ ಕೆಂಪು ಪೆನ್ನು ಹಿಡಿದು ವೃತ್ತ ಹಾಕಿದ. ಎರಡೂ ಒಂದೇ ಅಲ್ಲ, ನನಗೆ ಗೊತ್ತು. ನಾನು ಯಾರ ಧರ್ಮವನ್ನೂ ಬೈಯಲಿಲ್ಲ, ನನ್ನದು ಬರೀ ಜೋಕು. ಆದರೆ ನಮ್ಮೆಲ್ಲರ ನೋವನ್ನು ಒಬ್ಬನ ತಲೆಗೆ ಕಟ್ಟಿ ನಾವು ಹಗುರಾಗುವ ಕೆಲಸ ಎರಡರಲ್ಲೂ ಇದೆ.

ಆ ಹುಡುಗ ನಾಲ್ಕು ದಿನ ಕಾಲೇಜಿಗೆ ಬರಲಿಲ್ಲ. ಐದನೇ ದಿನ ಅಕೌಂಟ್ಸ್ ಸರ್ ಹಾಜರಿ ಕರೆಯುವಾಗ ಅವನ ನಂಬರಿನ ಬಳಿ ನಿಂತು, ‘ಏನಾಯ್ತು ಇವನಿಗೆ, ಯಾರಿಗಾದರೂ ಗೊತ್ತಾ?’ ಎಂದು ಕೇಳಿದರು. ಕ್ಲಾಸಿನಲ್ಲಿ ಎಲ್ಲರೂ ನನ್ನ ಕಡೆ ನೋಡಿದರು. ಅಂದು ಸಂಜೆ ಅವನ ಮನೆಗೆ ಹೋದೆ. ಅವನ ಅಮ್ಮಿ ನಾನು ನೋಟ್ಸ್ ಕೊಡಲು ಬಂದಿದ್ದೇನೆ ಅಂದುಕೊಂಡು ಚಹಾ ಕೊಟ್ಟು, ‘ನಿನ್ನಂಥ ದೋಸ್ತ್ ಇರಬೇಕು ಬೇಟಾ’ ಎಂದರು. ಚಹಾ ಗಂಟಲಲ್ಲಿ ಇಳಿಯಲಿಲ್ಲ.

ನಾನು ಕ್ಷಮೆ ಕೇಳಿದೆ. ಅವನು ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಹೇಳಿದ್ದು ಇಷ್ಟೇ: ‘ಬೇರೆಯವರು ಹಾಕಿದ್ದರೆ ಬೇಜಾರಿರಲಿಲ್ಲ. ಸ್ಕೋರ್ ಬರೆದವನು ನೀನೇ ಅಲ್ವಾ? ನಿನಗೆ ಎಲ್ಲಾ ಗೊತ್ತಿತ್ತಲ್ಲ.’

ಮನೆಗೆ ಬಂದು ಸ್ಕೋರ್‌ಶೀಟನ್ನು ಮೊದಲಿನಿಂದ ಓದಿದೆ. ಅದರಲ್ಲಿದ್ದದ್ದು ಇದು. ನಮ್ಮ ಬ್ಯಾಟಿಂಗ್ ಒಂಬತ್ತು ಓವರ್‌ಗೆ 2 ವಿಕೆಟ್‌ಗೆ 84 ಇದ್ದದ್ದು, ಉಳಿದ ಆರು ಓವರ್‌ನಲ್ಲಿ ಬಂದದ್ದು ಬರೀ 34. ನಾವು ಕೊಟ್ಟ ವೈಡ್ ಮತ್ತು ನೋಬಾಲ್ ಒಟ್ಟು 17. ಅದರಲ್ಲಿ ಅವನದು 2, ಉಳಿದ ನಾಲ್ವರದು 15. ಕೈಬಿಟ್ಟ ಕ್ಯಾಚ್‌ಗಳಿಗೆ ನಾನು ಅಂಚಿನಲ್ಲಿ ಚುಕ್ಕಿ ಇಡುವ ಅಭ್ಯಾಸ, ಅಂಥ ಚುಕ್ಕಿ ಮೂರು ಇದ್ದವು. ಕೊನೆಯ ಓವರ್‌ಗೆ ಮೊದಲು ಅವನ ಲೆಕ್ಕ 2 ಓವರ್, 7 ರನ್, 2 ವಿಕೆಟ್. ಎದುರಾಳಿಗಳು 83ಕ್ಕೆ 7 ಆಗಲು ಅವನೂ ಕಾರಣ. ಎಲ್ಲವೂ ನನ್ನದೇ ಕೈಬರಹ. ನನ್ನ ಕೆಂಪು ವೃತ್ತ ಮಾತ್ರ ಐದು ಎಸೆತಗಳ ಸುತ್ತ ಇತ್ತು.

ನೋವು ಪಡಬೇಡಿ ಎಂದು ನಾನು ಹೇಳುತ್ತಿಲ್ಲ. ‘ಆಟ ಅಷ್ಟೇ, ಬಿಡು’ ಎಂದು ಹೇಳುವವರು ಸಾಮಾನ್ಯವಾಗಿ ಆಟ ನೋಡದವರು. ಆದರೆ ನೋವಿಗೂ ಒಂದು ಅಳತೆ ಬೇಕು. 2025ರ ಜೂನ್ 3ರಂದು ಆರ್‌ಸಿಬಿ ಕೊನೆಗೂ ಕಪ್ ಗೆದ್ದಾಗ ನಮ್ಮ ಓಣಿಯಲ್ಲಿ ಮಾಮು ಕುಣಿದರು, ನಾನೂ ಕುಣಿದೆ. ಮರುದಿನ ಚಿನ್ನಸ್ವಾಮಿ ಮೈದಾನದ ಹೊರಗೆ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಹದಿನೆಂಟು ವರ್ಷಗಳ ಸೋಲುಗಳೆಲ್ಲಾ ಆ ಒಂದು ಸಂಜೆಯ ಮುಂದೆ ಎಷ್ಟು ಚಿಕ್ಕವಾದವು! ಯಾವುದನ್ನು ನಾವು ‘ಜೀವನ್ಮರಣದ ಪಂದ್ಯ’ ಎನ್ನುತ್ತೇವೋ ಅದು ಪಂದ್ಯ ಮಾತ್ರ ಎಂದು ಅಂದು ತಿಳಿಯಿತು.

ಮತ್ತೊಂದು ಮಾತು. 2024ರ ಟಿ20 ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ 30 ಎಸೆತಕ್ಕೆ 30 ರನ್ ಬೇಕಿತ್ತು, ಕೈಯಲ್ಲಿ ಆರು ವಿಕೆಟ್. ಅವರು 7 ರನ್ನಿನಿಂದ ಸೋತರು. ನಮಗೆ ಅದು ಬೂಮ್ರಾ ಮಾಡಿದ ಪವಾಡ. ಅಲ್ಲಿಯ ಯಾವುದೋ ಮನೆಯಲ್ಲಿ ಒಬ್ಬ ಮಾಮು ಅಂದು ರಾತ್ರಿ ಬೈಕ್ ಒರೆಸಿರಬಹುದು. ನಮ್ಮ ಕೈಜಾರಿದ ಪಂದ್ಯ ಯಾವಾಗಲೂ ಇನ್ನೊಬ್ಬರು ಚೆನ್ನಾಗಿ ಆಡಿ ಗೆದ್ದ ಪಂದ್ಯವೂ ಹೌದು. ಅಂದು ನಮ್ಮ ಎದುರು ಕೊನೆಯ ಮೂರು ಓವರ್ ಆಡಿದ ಆ ಇಬ್ಬರು ಹುಡುಗರನ್ನು ನಾವು ಯಾರಾದರೂ ಅಭಿನಂದಿಸಿದೆವೇ?

ಗೆದ್ದೆತ್ತಿನ ಬಾಲ ಎಲ್ಲರೂ ಹಿಡಿಯುತ್ತಾರೆ. ಗೆದ್ದರೆ ‘ನಾವು ಗೆದ್ವಿ’, ಸೋತರೆ ‘ಅವನು ಸೋಲಿಸಿದ’. ಈ ವ್ಯಾಕರಣವನ್ನು ನಮ್ಮ ಕಾಲೇಜಿನಲ್ಲಾದರೂ ಬದಲಿಸೋಣ. ಮುಂದಿನ ತಿಂಗಳು ವಾಲಿಬಾಲ್ ಪಂದ್ಯಗಳು ಬರುತ್ತಿವೆ. ನನ್ನ ಮೂರು ಕೋರಿಕೆಗಳಿವೆ. ಒಂದು, ಸೋತ ರಾತ್ರಿ ಯಾರೂ ಸ್ಟೇಟಸ್ ಹಾಕುವುದು ಬೇಡ. ಬೆಳಗಾದ ಮೇಲೂ ಹಾಕಬೇಕು ಅನಿಸಿದರೆ ಆಗ ನೋಡೋಣ. ಎರಡು, ದೈಹಿಕ ಶಿಕ್ಷಣ ಸರ್ ದಯವಿಟ್ಟು ಪ್ರತಿ ಪಂದ್ಯದ ಪೂರ್ತಿ ಸ್ಕೋರ್‌ಶೀಟನ್ನು ನೋಟಿಸ್ ಬೋರ್ಡಿಗೆ ಹಾಕಿಸಬೇಕು. ತಪ್ಪು ಹುಡುಕುವವರು ಪೂರ್ತಿ ಓದಿ ಹುಡುಕಲಿ. ಮೂರು, ಕೊನೆಗೆ ತಪ್ಪು ಮಾಡಿದವನ ಬಳಿ ಮೊದಲು ಹೋಗಿ. ದೊಡ್ಡ ಮಾತು ಬೇಡ, ‘ಊಟ ಆಯ್ತಾ?’ ಎಂದು ಕೇಳಿದರೆ ಸಾಕು.

ನನ್ನ ಸಹಪಾಠಿ ಈಗ ಕಾಲೇಜಿಗೆ ಬರುತ್ತಿದ್ದಾನೆ. ಸಂಜೆ ಮೈದಾನಕ್ಕೂ ಬರುತ್ತಾನೆ, ಬೌಲಿಂಗ್ ಮಾಡು ಎಂದರೆ ಮಾತ್ರ ಇನ್ನೂ ‘ನಾಳೆ’ ಎನ್ನುತ್ತಾನೆ. ಅದು ನನ್ನ ಕೆಂಪು ಪೆನ್ನಿನ ಕೆಲಸ. ಅವನು ಮತ್ತೆ ಚೆಂಡು ಹಿಡಿಯುವ ದಿನ ಸ್ಕೋರ್ ಬರೆಯಲು ನಾನು ಇರುತ್ತೇನೆ. ಪೆನ್ಸಿಲ್‌ನಲ್ಲಿ ಫಲಿತಾಂಶ ಮೊದಲೇ ಬರೆಯುವುದಿಲ್ಲ.