ಕಾಗದವೋ, ತೆಂಗಿನ ಪುಡಿಯೋ?

ಹಾವು ಸಾಕುವವರಲ್ಲಿ ಎರಡು ಪಂಗಡಗಳಿವೆ. ಪೆಟ್ಟಿಗೆಯ ತಳಕ್ಕೆ ಕಾಗದ ಹಾಸುವವರದು ಒಂದು, ತೆಂಗಿನ ನಾರಿನ ಪುಡಿಯನ್ನೋ ಮಣ್ಣನ್ನೋ ದಪ್ಪಗೆ ಸುರಿಯುವವರದು ಇನ್ನೊಂದು. ಎರಡೂ ಕಡೆ ಪಳಗಿದ ಕೈಗಳಿವೆ, ಎರಡೂ ಕಡೆ ಗಟ್ಟಿಮುಟ್ಟಾದ ಹಾವುಗಳಿವೆ. ಹಾಗಾಗಿ ಈ ವಾದ ಸದ್ಯಕ್ಕೆ ಮುಗಿಯುವ ಲಕ್ಷಣವಿಲ್ಲ.

ಯಾವ ಹಾವಿನ ಮಾತು ಎಂಬುದನ್ನು ಮೊದಲೇ ಹೇಳಿಬಿಡಬೇಕು. ನಮ್ಮ ನಾಗರ, ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅವುಗಳ ಮಾತು ಅಲ್ಲಿಗೆ ಮುಗಿಯಿತು. ಅಮೆರಿಕ, ಬ್ರಿಟನ್‌ಗಳಲ್ಲಿ ಬಹಳ ಮಂದಿ ಸಾಕುವ, ನಮ್ಮಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಇಟ್ಟುಕೊಂಡಿರುವ ಬಾಲ್ ಪೈಥಾನನ್ನೇ ತೆಗೆದುಕೊಳ್ಳೋಣ. (ಇಲ್ಲಿ ಸಾಕುವವರು 2024ರ ನಿಯಮದಂತೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.) ಘಾನಾ, ಟೋಗೊ, ಬೆನಿನ್ ಕಡೆಯ ಹಾವು ಇದು. ಉದ್ದ ಮೂರ್ನಾಲ್ಕು ಅಡಿ. ಹೆದರಿದರೆ ಉಂಡೆಯಂತೆ ಸುತ್ತಿಕೊಂಡು ತಲೆಯನ್ನು ಒಳಗೆ ಬಚ್ಚಿಡುತ್ತದೆ; ಹೆಸರು ಬಂದದ್ದೇ ಅದರಿಂದ. ಹಗಲೆಲ್ಲ ಇಲಿಯ ಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಇರುತ್ತದೆ. ಗೆದ್ದಲು ಕಟ್ಟಿದ ಮನೆಗೆ ಹಾವು ಬಂದು ಸೇರಿಕೊಳ್ಳುತ್ತದೆ ಎಂಬ ನಮ್ಮ ಮಾತು ಆಫ್ರಿಕಕ್ಕೂ ಸಲ್ಲುತ್ತದೆ ಅನ್ನಿ.

ಕಾಗದದವರ ಮಾತು ಸರಳ: ಎಲ್ಲವೂ ಕಣ್ಣಿಗೆ ಬೀಳಬೇಕು. ಹಾವು ನೋವಾದರೆ ಕೂಗುವುದಿಲ್ಲ, ಕುಂಟುವುದಿಲ್ಲ. ಕಾಯಿಲೆ ಗೊತ್ತಾಗುವುದು ಹಿಕ್ಕೆಯಿಂದ, ಕಕ್ಕಿದ ಇಲಿಯಿಂದ, ಒಂದು ಹನಿ ರಕ್ತದಿಂದ. ಬಿಳಿ ಕಾಗದದ ಮೇಲೆ ಇವು ಎದ್ದು ಕಾಣುತ್ತವೆ. ಹಾವಿನ ರಕ್ತ ಹೀರುವ ಉಣ್ಣೆಯಂಥ ಸಣ್ಣ ಹುಳುಗಳು ಕರಿಮೆಣಸಿನ ಪುಡಿ ಉದುರಿದಂತೆ ಕಾಣುತ್ತವೆ. ಕಂದು ಪುಡಿಯಲ್ಲಾದರೆ ಅವು ಅಡಗಿ, ಮೊಟ್ಟೆಯಿಟ್ಟು, ನಮಗೆ ತಿಳಿಯುವ ಹೊತ್ತಿಗೆ ಸಂಸಾರ ಹೂಡಿರುತ್ತವೆ. ಹೊಸದಾಗಿ ತಂದ ಹಾವನ್ನು, ಕಾಯಿಲೆಯ ಹಾವನ್ನು ಕಾಗದದ ಮೇಲೆಯೇ ಇಡಿ ಎಂದು ಪಶುವೈದ್ಯರು ಹೇಳುವುದು ಇದಕ್ಕೇ. ಹತ್ತಾರು ಹಾವು ಇಟ್ಟುಕೊಂಡು ಮರಿ ಮಾಡಿಸುವವರಿಗಂತೂ ಹಾಳೆ ಎತ್ತಿ ಬಿಸಾಡಿ ಇನ್ನೊಂದು ಹಾಸುವಷ್ಟು ಸಲೀಸು ಬೇರೆ ಇಲ್ಲ.

ಇನ್ನು ಹಾವಿನ ಕಡೆಯಿಂದ ನೋಡಿ. ಕಾಲಿಲ್ಲದ ಜೀವ, ಹೊಟ್ಟೆಯ ಹುರುಪೆಗಳನ್ನು ನೆಲದ ಉಬ್ಬುತಗ್ಗಿಗೆ ಒತ್ತಿ ಮುಂದೆ ಹೋಗಬೇಕು. ಗಾಜಿನ ಮೇಲಿನ ನುಣುಪು ಹಾಳೆ ಅದರ ಜೊತೆಗೇ ಜಾರುತ್ತದೆ. ಅಷ್ಟೇ ಅಲ್ಲ, ಹಾವಿಗೆ ಹೊರಗಿವಿ ಇಲ್ಲ. ನೆಲಕ್ಕೆ ತಾಗಿದ ಕೆಳದವಡೆಯಿಂದ ಕಂಪನ ಒಳಗಿವಿಗೆ ತಲುಪುತ್ತದೆ. ಅಂದರೆ ತಳದಲ್ಲಿ ಏನು ಹಾಸಿದ್ದೇವೆ ಎಂಬುದು ಅದು ಏನು ಕೇಳುತ್ತದೆ ಎಂಬುದಕ್ಕೂ ಸಂಬಂಧಿಸಿದ್ದು. ಮುಖ್ಯವಾದದ್ದು ತೇವ. ಬಾಲ್ ಪೈಥಾನಿಗೆ ಗಾಳಿಯಲ್ಲಿ ಶೇಕಡಾ 60ರ ಆಸುಪಾಸು, ಪೊರೆ ಬಿಡುವಾಗ ಇನ್ನೂ ಹೆಚ್ಚು ತೇವ ಬೇಕು. ಒಣಗಿದ ಪೆಟ್ಟಿಗೆಯಲ್ಲಿ ಪೊರೆ ಒಂದೇ ಚೀಲವಾಗಿ ಬರದೆ ಚೂರುಚೂರಾಗಿ ಹರಿಯುತ್ತದೆ, ಕಣ್ಣಿನ ಮೇಲಿನ ತೆಳು ಪರೆ ಅಲ್ಲೇ ಅಂಟಿಕೊಳ್ಳುತ್ತದೆ. ಕಾಗದ ತೇವ ಹಿಡಿಯುವುದಿಲ್ಲ, ಹಿಡಿದರೆ ಮುದ್ದೆಯಾಗುತ್ತದೆ.

ಇಲ್ಲೇ ತೆಂಗಿನ ನಾರಿನ ಪುಡಿ ಗೆಲ್ಲುವುದು. ತಿಪಟೂರು, ಅರಸೀಕೆರೆ ಕಡೆ ನಾರು ತೆಗೆದ ಮೇಲೆ ಕಸವೆಂದು ಗುಡ್ಡೆ ಬೀಳುತ್ತಿದ್ದ ಪುಡಿ ಇದು; ಇಂದು ಇಟ್ಟಿಗೆಯಾಗಿ ಒತ್ತಿಸಿಕೊಂಡು ಭಾರತದಿಂದ ಹೊರದೇಶಗಳಿಗೆ ಹೋಗುತ್ತದೆ. ತನ್ನ ತೂಕದ ಹಲವು ಪಟ್ಟು ನೀರು ಕುಡಿದು ನಿಧಾನವಾಗಿ ಬಿಡುತ್ತದೆ. ಹಾವು ಮೂಗು ತೂರಿಸಿ ಒಳಗೆ ಹೊಗಬಹುದು. ಆದರೆ ಕೃಷಿ ಅಂಗಡಿಯದ್ದನ್ನು ಹಾಗೇ ಸುರಿಯುವಂತಿಲ್ಲ: ಉಪ್ಪಿನಂಶ ಹೋಗುವಂತೆ ತೊಳೆದಿರಬೇಕು, ಗೊಬ್ಬರ ಬೆರೆತಿರಬಾರದು. ಪೂರ್ತಿ ಒಣಗಿದರೆ ಧೂಳೇಳುತ್ತದೆ. ಸದಾ ಒದ್ದೆಯಿದ್ದರೆ ಹೊಟ್ಟೆಯ ಹುರುಪೆ ಬೊಕ್ಕೆಯೆದ್ದು ಕೊಳೆಯುತ್ತದೆ. ಇಲಿಯ ಜೊತೆ ಪುಡಿ ನುಂಗಿ ಕರುಳು ಕಟ್ಟುತ್ತದೆಂಬ ಭಯವನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಕಾಡಿನ ಹಾವಿಗೆ ತಟ್ಟೆಯಲ್ಲಿ ಬಡಿಸುವವರು ಯಾರು? ಮೈಗೆ ಬಿಸಿ, ಕುಡಿಯಲು ನೀರು ಸಾಕಷ್ಟಿದ್ದರೆ ನಾಲ್ಕು ನಾರು ಹೊರಗೆ ಹೋಗುತ್ತವೆ. ಆದರೂ ಇಕ್ಕಳದಲ್ಲಿ ಹಿಡಿದು ತಿನ್ನಿಸಿದರೆ ನಷ್ಟವೇನಿಲ್ಲ.

ಉಳಿದ ಹಾಸುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸೀಡರ್ ಮರದ ಹೊಟ್ಟಿನ ಎಣ್ಣೆ ಉಸಿರಾಟಕ್ಕೆ ಕೆಡುಕು. ಅದು ಬೇಡವೆಂದು ಎರಡೂ ಪಂಗಡ ಒಪ್ಪುತ್ತವೆ. ಕೃತಕ ಹುಲ್ಲಿನ ಕಾರ್ಪೆಟ್ಟಿನಲ್ಲಿ ಕೊಳೆ ಕೂರುತ್ತದೆ. ಆಸ್ಪೆನ್ ಮರದ ಹೊಟ್ಟು ಅಮೆರಿಕದ ಕಾರ್ನ್ ಸ್ನೇಕಿಗೆ ಒಳ್ಳೆಯದು, ತೋಡಿದ ಸುರಂಗ ಕುಸಿಯುವುದಿಲ್ಲ. ಬಾಲ್ ಪೈಥಾನಿಗೆ ಬೇಕಾದ ತೇವಕ್ಕೆ ಮಾತ್ರ ಬೂಷ್ಟು ಹಿಡಿಯುತ್ತದೆ.

ಕಾಗದವು ಸಾಕುವವರ ಕಣ್ಣಿಗೆ ಅನುಕೂಲ, ಪುಡಿ ಹಾವಿನ ಮೈಗೆ ಅನುಕೂಲ ಎಂದು ನನಗೆ ಅನ್ನಿಸುತ್ತದೆ. ಹೊಸದಾಗಿ ತಂದಾಗ ನಮ್ಮ ಕಣ್ಣೇ ಅದಕ್ಕೆ ಔಷಧ, ಆಗ ಎರಡು ಮೂರು ತಿಂಗಳು ಕಾಗದವಿರಲಿ. ಮುಚ್ಚಿದ ಡಬ್ಬಿಯೊಂದರಲ್ಲಿ ಒದ್ದೆ ಪಾಚಿ ತುಂಬಿ ತೂತು ಕೊರೆದಿಟ್ಟರೆ ಪೊರೆಯ ಕಾಲ ಕಳೆಯುತ್ತದೆ. ಹುಳುವಿಲ್ಲ, ಹಿಕ್ಕೆ ಸರಿಯಿದೆ, ಊಟ ಬಿಡುತ್ತಿಲ್ಲ ಎಂದಾದ ಮೇಲೆ ನಾಲ್ಕು ಬೆರಳು ದಪ್ಪ ಪುಡಿ ಹಾಕಬಹುದು. ದಿನಾ ಬಗ್ಗಿ ನೋಡಿ ಹಿಕ್ಕೆ ಎತ್ತುವ ತಾಳ್ಮೆ ಇಲ್ಲದವರು ಕಾಗದದಲ್ಲೇ ಉಳಿಯಲಿ, ತಪ್ಪಿಲ್ಲ. ಕೊಳೆತ ಪುಡಿಗಿಂತ ದಿನಾ ಬದಲಿಸಿದ ಹಾಳೆ ಎಷ್ಟೋ ಮೇಲು. ಪುಡಿಯವರು ನೀರನ್ನು ಮೇಲೆ ಚಿಮುಕಿಸದೆ ಮೂಲೆಗಳಲ್ಲಿ ಸುರಿದರೆ ಅಡಿ ತೇವ, ಮೇಲ್ಮೈ ಒಣ ಇರುತ್ತದೆ. ಹದ ನೋಡಲು ಒಂದು ಹಿಡಿ ತೆಗೆದು ಹಿಂಡಿ: ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು.