ಹಾಲ್‌ನಾಗೆ ನಾಕು ಟೈಲ್ಸ್ ಜಾಗ

ನಮ್ಮನೆ ಹಾಲ್‌ನಾಗೆ ಹಾಸಿರೋ ಹಸಿರು ಪಟ್ಟಿ ಬಗ್ಗೆ ಈ ದಸರಾ ರಜೆಯಾಗೆ ಬಂದೋರೆಲ್ಲ ಒಂದೊಂದು ಮಾತು ಆಡಿ ಹೋದ್ರು. ಹಿರಿಯೂರಿನ ಅತ್ತಿಗೆ, “ಮದುವೆ ಮನೆ ಕಾರ್ಪೆಟ್ ತುಂಡು ತಂದು ಹಾಸಿದೀಯೇನೆ?” ಅಂತ ನಕ್ಕರು. ಹೊಸದುರ್ಗದ ಚಿಕ್ಕಮ್ಮ, “ಕಾಲಿಗೆ ಅಡ್ಡ ಆಗ್ತೈತೆ, ಸುತ್ತಿ ಅಟ್ಟಕ್ಕೆ ಹಾಕು” ಅಂದ್ರು. ಪಕ್ಕದ ಮನೆ ಅಕ್ಕ, “ಅದು ದುಡ್ಡಿದ್ದೋರ ಆಟ ಕಣಮ್ಮ, ನಮಗ್ಯಾಕೆ” ಅಂದ್ರು. ಒಬ್ಬೊಬ್ಬರಿಗೆ ಹೇಳೋ ಬದ್ಲು ಎಲ್ಲಾರಿಗೂ ಒಟ್ಟಿಗೆ ಹೇಳಿಬಿಡ್ತೀನಿ. ನನ್ನ ಮಾತು ಇಷ್ಟೆ: ಆ ಪಟ್ಟಿ ಅಲ್ಲೇ ಇರ್ಲಿ. ನೆಂಟರು ಬಂದ್ರು ಅಂತ ಅದನ್ನ ಸುತ್ತಿಡೋದು ಬ್ಯಾಡ.

ಅದರ ಹೆಸರು ಪಟ್ಟಿಂಗ್ ಮ್ಯಾಟ್. ಗಾಲ್ಫ್ ಆಟದಾಗೆ ಕೊನೆಗೆ ಚೆಂಡನ್ನ ಮೆಲ್ಲಗೆ ಉರುಳಿಸಿ ಕುಳಿಯೊಳಗೆ ಬೀಳಿಸ್ತಾರಲ್ಲ, ಅದಕ್ಕೆ ಪಟ್ಟಿಂಗ್ ಅಂತಾರೆ. ಅದನ್ನ ಮನ್ಯಾಗೇ ಕಲಿಯಾಕೆ ಮಾಡಿರೋ ಪಟ್ಟಿ ಇದು. ಉದ್ದ ಎಂಟು ಹತ್ತಡಿ, ಅಗಲ ಒಂದಡಿ ಚಿಲ್ಲರೆ. ಒಂದು ತುದಿ ಸ್ವಲ್ಪ ಏರು, ಅಲ್ಲೊಂದು ಕುಳಿ. ಬಿದ್ದ ಚೆಂಡು ಪಕ್ಕದಾಗೆ ಸಣ್ಣ ಕಾಲುವೆ ಥರ ಇರೋ ಜಾಗದಾಗೆ ಉರುಳ್ಕಂಡು ನಮ್ಮ ಕಾಲ ಹತ್ರಕ್ಕೇ ವಾಪಸ್ ಬರ್ತೈತೆ. ತಂದೋಳು ನನ್ನ ತಮ್ಮನ ಮಗಳು. ಬೆಂಗಳೂರಾಗೆ ಹತ್ತನೇ ಕ್ಲಾಸು. ಗಾಲ್ಫ್ ಕಲಿಯಾಕೆ ಹತ್ತಿ ಎರಡು ವರ್ಷ ಆತು. ಹೊಳಲ್ಕೆರೆಗೆ ಬಂದಾಗೆಲ್ಲ ಬಟ್ಟೆ ಬ್ಯಾಗಿನ ಜೊತೆ ಇದನ್ನೂ ಚಾಪೆ ಸುತ್ತಿದಂಗೆ ಸುತ್ಕಂಡು ಬರ್ತಾಳೆ.

ಗಾಲ್ಫ್ ಅಂದ್ರೆ ನಾವೆಲ್ಲ ಟಿವಿಯಾಗೆ ನೋಡಿರೋದು ಒಂದೇ. ಬಿಳಿ ಪ್ಯಾಂಟು ಹಾಕ್ಕಂಡೋರು ಕೋಲು ಬೀಸಿ ಚೆಂಡನ್ನ ಆಕಾಶಕ್ಕೆ ಹೊಡೀತಾರೆ ಅಂತ. ಅದು ಅರ್ಧ ಆಟ ಅಷ್ಟೆ. ಹದಿನೆಂಟು ಕುಳಿ ಇರೋ ಮೈದಾನದಾಗೆ ಸಾಮಾನ್ಯವಾಗಿ 72 ಹೊಡೆತದಾಗೆ ಮುಗಿಸ್ಬೇಕು ಅಂತ ಲೆಕ್ಕ. ಆ ಲೆಕ್ಕ ಹಾಕೋವಾಗಲೇ ಒಂದೊಂದು ಕುಳಿಗೆ ಎರಡೆರಡು ಪಟ್ಟಿಂಗ್ ಅಂತ ಇಟ್ಟಿರ್ತಾರೆ. ಹದಿನೆಂಟೆರಡ್ಲೆ 36. ಸರಿಯಾಗಿ ಅರ್ಧ! ಆ ಅರ್ಧಕ್ಕೆ ತೋಳಿನ ಬಲ ಬ್ಯಾಡ, ಎಕರೆಗಟ್ಟಲೆ ಹುಲ್ಲು ಬ್ಯಾಡ. ಕುಳಿಯ ಅಗಲ ಲೋಕದಾಗೆಲ್ಲ ಒಂದೇ, ನಾಕೂಕಾಲು ಇಂಚು. 1891ರಿಂದ ಅದೇ ಅಳತೆ ನಡ್ಕಂಡು ಬಂದೈತೆ. ಗಂಡಸರಿಗೊಂದು ಕುಳಿ, ಹೆಂಗಸರಿಗೊಂದು ಕುಳಿ ಅಂತ ಇಲ್ಲ. ಹತ್ರ ಕಾಣೋ ಅಷ್ಟು ಸುಲಭವೂ ಅಲ್ಲ. ದೊಡ್ಡ ದೊಡ್ಡ ಪಂದ್ಯ ಆಡೋ ಪಳಗಿದ ಗಂಡಸರೂ ಎಂಟಡಿ ದೂರದಿಂದ ಹೆಚ್ಚುಕಮ್ಮಿ ಎರಡಕ್ಕೆ ಒಂದು ತಪ್ತಾರೆ.

ಇದು ಎಷ್ಟು ಮುಖ್ಯ ಅಂತ ತಿಳೀಬೇಕಾದ್ರೆ ಅದಿತಿ ಅಶೋಕ್ ಅವರನ್ನ ನೆನಪು ಮಾಡ್ಕಳಿ. ನಮ್ಮ ಬೆಂಗಳೂರಿನ ಹುಡುಗಿ, ಹುಟ್ಟಿದ್ದು 1998ರಾಗೆ. ಅವರ ಮನ್ಯಾಗೆ ಅದಕ್ಕೆ ಮುಂಚೆ ಯಾರೂ ಗಾಲ್ಫ್ ಆಡಿದೋರಲ್ಲ. ಐದನೇ ವಯಸ್ಸಿಗೆ ಶುರು ಮಾಡಿದ್ರು. ಟೋಕಿಯೊ ಒಲಿಂಪಿಕ್ಸ್‌ಗೆ 2021ರಾಗೆ ಹೋದಾಗ ಲೋಕದ ಪಟ್ಟಿಯಾಗೆ ಅವರ ಜಾಗ 200ರ ಆಸುಪಾಸು. ಮೇಲಾಗಿ ಸ್ವಲ್ಪ ದಿನದ ಹಿಂದೆ ಕೋವಿಡ್ ಬಂದು ಮೈಯಾಗೆ ಶಕ್ತಿ ಇರ್ಲಿಲ್ಲ, ಚೆಂಡು ದೂರ ಹೋಗ್ತಿರ್ಲಿಲ್ಲ. ಬೇರೆಯೋರು ಅವರಿಗಿಂತ ಮುಂದಕ್ಕೆ ಹೊಡೆದು ನಿಲ್ಲಿಸ್ತಿದ್ರು. ಅದಿತಿ ಪಟ್ಟಿಂಗ್‌ನಾಗೆ ಅದನ್ನೆಲ್ಲ ತೀರಿಸ್ಕಂತಿದ್ರು. ನಾಕು ದಿನದಾಗೆ 269 ಹೊಡೆತ, ನಾಕನೇ ಜಾಗ. ಕಂಚು ತಗಂಡೋರಿಗೂ ಅವರಿಗೂ ಬರೀ ಒಂದು ಹೊಡೆತ ವ್ಯತ್ಯಾಸ. ಆ ನಾಕು ದಿನ ಅವರ ಕೋಲಿನ ಚೀಲ ಹೊತ್ತು ಜೊತೆಗೆ ನಡೆದೋರು ಯಾರು ಗೊತ್ತೇನು? ಅವರಮ್ಮ, ಮಹೇಶ್ವರಿ. ಅವತ್ತು ಬೆಳಗಿನ ಜಾವ ಎದ್ದು ಗಾಲ್ಫ್ ನೋಡಿದೋರು ನಮ್ಮ ದೇಶದಾಗೆ ಎಷ್ಟೋ ಜನ, ನಿಯಮ ಗೊತ್ತಿಲ್ದಿದ್ರೂ ನೋಡಿದ್ರು. ಮೈಸೂರಿನ ಪ್ರಣವಿ ಅರಸ್ ಅವರೂ ಈಗ ಯೂರೋಪಿನ ಪಂದ್ಯಗಳಾಗೆ ಆಡ್ತವ್ರೆ.

ಈಗ ಪಕ್ಕದ ಮನೆ ಅಕ್ಕನ ಮಾತಿಗೆ ಬರ್ತೀನಿ. ದುಡ್ಡಿದ್ದೋರ ಆಟ ಅನ್ನೋದು ಸುಳ್ಳಲ್ಲ. ಬೆಂಗಳೂರಾಗೆ 1876ರಾಗೇ ಬ್ರಿಟಿಷರು ಗಾಲ್ಫ್ ಕ್ಲಬ್ ಮಾಡ್ಕಂಡ್ರು, ಅಲ್ಲಿಂದಲೂ ದೊಡ್ಡೋರ ಅಂಗಳದಾಗೇ ಬೆಳೆದ ಆಟ ಇದು. ಬಿಡದಿ ಹತ್ರದ ಚಿಕ್ಕರಂಗಪ್ಪನಂಥ ಹಳ್ಳಿ ಹುಡುಗ ಇದರಾಗೆ ಹೆಸರು ಮಾಡಿದ್ರು ನಿಜ, ಆದ್ರೆ ಅವರ ಊರ ಮಗ್ಗುಲಾಗೇ ಮೈದಾನ ಇತ್ತು. ನೀರಿನ ವಿಚಾರವೂ ಐತೆ. ಆ ಹುಲ್ಲು ಹಸಿರಾಗಿರ್ಬೇಕು ಅಂದ್ರೆ ದಿನಾ ನೀರು ಕುಡಿಸ್ಬೇಕು. ವಾಣಿವಿಲಾಸ ಸಾಗರ 1933ರ ಮೇಲೆ ಕೋಡಿ ಬೀಳಾಕೆ 2022ರ ತನಕ ಕಾದಂಥ ಜಿಲ್ಲೆ ನಮ್ಮದು. ಬೋರ್‌ವೆಲ್ ಬತ್ತಿದ ತೋಟಕ್ಕೆ ಟ್ಯಾಂಕರ್ ನೀರು ಹಾಕಿ ಅಡಿಕೆ ಮರ ಉಳಿಸ್ಕಂಡೋರು ನಾವು. ಚಿತ್ರದುರ್ಗದಾಗೆ ಗಾಲ್ಫ್ ಮೈದಾನ ಮಾಡ್ರಿ ಅಂತ ಯಾರಾದ್ರೂ ಬಂದ್ರೆ ಬ್ಯಾಡ ಅನ್ನೋರ ಸಾಲಿನಾಗೆ ನಾನೇ ಮೊದಲು ನಿಲ್ತೀನಿ. ಹಾಲ್‌ನಾಗೆ ಉರುಳೋ ಚೆಂಡಿಗೆ ಒಂದು ಚೊಂಬು ನೀರೂ ಬ್ಯಾಡ. ಅದಕ್ಕೇ ಹೇಳ್ತಿರೋದು, ಈ ಆಟದಾಗೆ ನಮ್ಮಂಥೋರ ಕೈಗೆ ಎಟುಕೋ ಭಾಗ ಅಂದ್ರೆ ಈ ಅರ್ಧವೇ.

ಮ್ಯಾಟೇ ಬೇಕು ಅಂತಲೂ ಇಲ್ಲ. ಪಟ್ಟರ್ ಅನ್ನೋ ಚಪ್ಪಟೆ ಮೂತಿ ಕೋಲು ಒಂದು, ಚೆಂಡು ಎರಡು ಮೂರು ಇದ್ರೆ ಸಾಕು. ಹಳೇದು ಸಿಕ್ರೂ ನಡೀತೈತೆ. ನಮ್ಮ ಹುಡುಗಿ ಮಾಡೋದನ್ನ ಒಂದು ವಾರ ಕೂತು ನೋಡಿ, ನಾನೂ ಕೈಯಾಡಿಸಿ ತಿಳ್ಕಂಡಿದ್ದನ್ನ ಹೇಳ್ತೀನಿ.

ಮೊದಲನೇದು ನೆಲದ ವಾಟ. ಚೆಂಡು ವಾಟ ಇರೋ ಕಡೆಗೇ ತಿರುಗ್ತೈತೆ. ಗಾಲ್ಫ್ ಆಡೋರು ಬಗ್ಗಿ ಕೂತು ಹುಲ್ಲು ನೋಡ್ತಾರಲ್ಲ, ಇಲ್ಲಿ ನೀರು ಸುರಿದ್ರೆ ಎತ್ತ ಹರೀತೈತೆ ಅಂತ ಅವರು ನೋಡೋದು. ಈ ವಿದ್ಯೆಯಾಗೆ ನಮಗ್ಯಾರೂ ಪಾಠ ಹೇಳ್ಬೇಕಾಗಿಲ್ಲ. ನೆಲ ತೊಳೆದಾಗ ನೀರು ಯಾವ ಮೂಲೆಗೆ ಹೋಗ್ತೈತೆ ಅಂತ ಮನೆ ಹೆಂಗಸಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? “ಯಾಕೋ ಎಲ್ಲಾ ಎಡಕ್ಕೇ ಹೋಗ್ತಾವೆ ಅತ್ತೆ” ಅಂತ ಹುಡುಗಿ ಅಂದಾಗ, “ಬಚ್ಚಲ ಕಡೆ ವಾಟ ಐತೆ ಕಣೆ, ಉದ್ದುದ್ದಕ್ಕೆ ಹಾಸು” ಅಂದೆ. ತಿರುಗಿಸಿ ಹಾಸಿದ ಮೇಲೆ ನೆಟ್ಟಗೆ ಹೋತು.

ಎರಡನೇದು ಮ್ಯಾಟಿನ ಮೋಸ. ತುದಿಯಾಗೆ ಏರು ಇರೋದ್ರಿಂದ ಚೆಂಡು ಹತ್ಲಿ ಅಂತ ಕೈ ತಾನಾಗೇ ಜೋರು ಮಾಡ್ತೈತೆ. ಹಂಗೇ ರೂಢಿ ಆದ್ರೆ ಮೈದಾನದಾಗೆ ಚೆಂಡು ಕುಳಿ ದಾಟಿ ಮುಂದಕ್ಕೆ ಹೋಗ್ತೈತೆ. ಅದಕ್ಕೆ ದಿನಾ ಸ್ವಲ್ಪ ಹೊತ್ತು ಏರಿಲ್ಲದ ಕಡೆ, ಬರೀ ಟೈಲ್ಸ್ ಮ್ಯಾಲೂ ಆಡ್ಬೇಕು. ನಮ್ಮನೆ ಟೈಲ್ಸ್ ಎರಡಡಿದು, ನಾಕು ಎಣಿಸಿದ್ರೆ ಎಂಟಡಿ. ಒಂದು ಟೈಲ್ಸ್ ದೂರಕ್ಕೆ ಐದು, ಎರಡಕ್ಕೆ ಐದು, ಮೂರಕ್ಕೆ ಐದು ಅಂತ ಚೆಂಡು ಗೆರೆ ಮ್ಯಾಲೇ ನಿಲ್ಲಂಗೆ ಉರುಳಿಸೋದು. ಕೋಲು ಹಿಂದಕ್ಕೆ ಎಷ್ಟು ಎಳೆದ್ರೆ ಚೆಂಡು ಎಷ್ಟು ಹೋಗ್ತೈತೆ ಅನ್ನೋ ಹದ ಕೈಗೆ ಕೂರೋದು ಹಿಂಗೆ. ಸಾರಿಗೆ ಉಪ್ಪು ಹಾಕೋ ಕೈಯಂಗೆ ಅದು, ಹಾಕಿ ಹಾಕಿಯೇ ಬರ್ಬೇಕು. ಟೈಲ್ಸ್ ಮ್ಯಾಲೆ ಜಾರಿದಂಗೆ ಹೋಗ್ತೈತೆ, ಮ್ಯಾಟ್ ಮ್ಯಾಲೆ ನಿಧಾನ. ಮೈದಾನದ ಹುಲ್ಲೂ ಒಂದೊಂದು ಕಡೆ ಒಂದೊಂದು ಥರ ಇರೋದ್ರಿಂದ ಎರಡೂ ಗೊತ್ತಿದ್ರೆ ಒಳ್ಳೇದೆ.

ಮೂರನೇದು ನೇರ. ಗಾರೆಯೋರು ಗೋಡೆ ಕಟ್ಟೋವಾಗ ದಾರ ಹಿಡೀತಾರಲ್ಲ, ಹಂಗೆ ಕುಳಿಯಿಂದ ಕಾಲ ತನಕ ಒಂದು ದಾರ ಬಿಗಿಯಾಗಿ ಕಟ್ಕಂಡು ಅದರ ಕೆಳಗೆ ಚೆಂಡು ಉರುಳಿಸೋದು. ಕಣ್ಣು ಚೆಂಡಿನ ನೆತ್ತಿಗೆ ಸರಿಯಾಗಿ ಮ್ಯಾಲೆ ಐತೋ ಇಲ್ಲವೋ ಅನ್ನೋದು ದಾರ ನೋಡಿದ್ರೆ ತಿಳೀತೈತೆ. ಆಮೇಲೆ ಎರಡು ಬೆಂಕಿಪೊಟ್ಟಣ ನಿಲ್ಲಿಸಿ, ನಡುವೆ ಪಟ್ಟರ್ ಮೂತಿ ಹಿಡಿಯೋ ಅಷ್ಟೇ ಸಂದು ಬಿಟ್ಟು, ಅವನ್ನ ಬೀಳಿಸ್ದಂಗೆ ಹೊಡೆಯೋದು. ದೊಡ್ಡ ಆಟಗಾರರು ಹುಲ್ಲಿನಾಗೆ ಎರಡು ಮರದ ಕಡ್ಡಿ ಚುಚ್ಕಂಡು ಇದನ್ನೇ ಮಾಡೋದು. ಕುಳಿ ಬದ್ಲು ಸ್ಟೀಲ್ ಲೋಟ ಅಡ್ಡ ಮಲಗಿಸ್ರಿ. ಲೋಟದ ಬಾಯಿ ಕುಳಿಗಿಂತ ಸಣ್ಣದು. ಸಣ್ಣದರಾಗೆ ಬೀಳ್ಸಿ ಬೀಳ್ಸಿ ರೂಢಿ ಆದೋರಿಗೆ ನಿಜವಾದ ಕುಳಿ ಅಗಲವಾಗಿ ಕಾಣ್ತೈತೆ. ಕಂಚಿನ ಲೋಟ ಬ್ಯಾಡ. ಚೆಂಡು ಗಟ್ಟಿ, 45 ಗ್ರಾಮಿನ ಮ್ಯಾಲೈತೆ, ಏಟು ಬಿದ್ರೆ ಅಂಚು ಸೀಳ್ಬೋದು.

ನಾಕನೇದು ಮನೆ ಹೆಂಗಸಿನ ಕಾನೂನು. ಮೂರು ಚೆಂಡು ತೆಗೆದ್ರೆ ಮೂರೂ ಎಣಿಸಿ ಡಬ್ಬಿಗೆ ಹಾಕ್ಬೇಕು. ಒಂದು ಸೋಫಾ ಕೆಳಗೆ ಹೋತು, ಆಮೇಲೆ ನೋಡನ ಅನ್ನಂಗಿಲ್ಲ. ವಯಸ್ಸಾದೋರ ಕಾಲಿನಡಿ ಆ ಚೆಂಡು ಸಿಕ್ರೆ ಸೊಂಟವೇ ಮುರೀತೈತೆ. ಚಿಕ್ಕಮ್ಮ “ಕಾಲಿಗೆ ಅಡ್ಡ” ಅಂದಿದ್ರಾಗೆ ಇಷ್ಟು ನ್ಯಾಯ ಐತೆ, ಅದನ್ನ ಒಪ್ತೀನಿ. ಮ್ಯಾಟನ್ನ ಬಾಗಿಲಿಗೂ ಅಡುಗೆಮನೆಗೂ ನಡುವೆ ಹಾಸ್ಬಾರ್ದು, ಗೋಡೆ ಬದಿಗೆ ಹಾಸ್ಬೇಕು.

ಉಳಿದ ನ್ಯಾಯವನ್ನ ನಾನು ಒಪ್ಪಲ್ಲ. ನಮ್ಮ ಮನೆಗಳ ಹಾಲ್‌ನಾಗೆ ಏನೇನು ಖಾಯಂ ಜಾಗ ಹಿಡ್ಕಂಡು ಕೂತೈತೆ ನೋಡ್ರಿ. ಟಿವಿ, ಯಾರೂ ಕೂರದ ದಿವಾನ್ ಕಾಟು, ಗಂಡುಮಕ್ಕಳ ಕ್ರಿಕೆಟ್ ಕಿಟ್ಟು, ಶೋಕೇಸಿನ ಗೊಂಬೆ. ನೆಂಟರು ಬಂದ್ರು ಅಂತ ಅದರಾಗೆ ಒಂದನ್ನಾದ್ರೂ ಎತ್ತಿಡ್ತೀವಾ? ಅಂಗಳದಾಗೆ ಹುಡುಗ್ರು ಹೊಡೆದ ಚೆಂಡಿಗೆ ಕಿಟಕಿ ಗಾಜು ಹೋದ್ರೆ “ಗಂಡುಮಕ್ಳಲ್ವಾ” ಅಂತ ನಕ್ಕು ಗಾಜು ಹಾಕಿಸ್ತೀವಿ. ಹುಡುಗಿ ಸದ್ದಿಲ್ದಂಗೆ ಗೋಡೆ ಬದಿಗೆ ಚೆಂಡು ಉರುಳಿಸಿದ್ರೆ ಮಾತ್ರ ಮನೆಗೆಲ್ಲ ಅಡ್ಡ ಆಗ್ತೈತೆ!

ಈ ರಜೆಯಾಗೆ ನಡೆದಿದ್ದು ಹೇಳ್ತೀನಿ. ಮೊದಲ ದಿನ ಬೀಗರು ಬಂದ್ರು, “ಮ್ಯಾಟ್ ಸುತ್ತೇ ತಾಯಿ” ಅಂತ ಯಾರೋ ಅಂದ್ರು, ಸುತ್ತಿಟ್ಳು. ಎರಡನೇ ದಿನ ಇನ್ಯಾರೋ ಬಂದ್ರು, ಮತ್ತೆ ಸುತ್ತಿಟ್ಳು. ಮೂರನೇ ದಿನ ಗೇಟ್ ಸದ್ದಾತು ಅಷ್ಟೆ, ಯಾರೂ ಹೇಳ್ಲಿಲ್ಲ, ಅವಳೇ ಓಡಿಬಂದು ಸುತ್ತಿ ಮೂಲೆಗೆ ನಿಲ್ಲಿಸಿದ್ಳು. ಬಂದಿದ್ದು ಹಾಲಿನೋನು. ನನಗೆ ಹೊಟ್ಟೆಯಾಗೆ ಚುರ್ ಅಂತು. ಹೇಳಿಸ್ಕಳ್ಳದಂಗೇ ಜಾಗ ಬಿಟ್ಟುಕೊಡೋದನ್ನ ನಾವೆಲ್ಲ ಕಲಿತಿದ್ದು ಹಿಂಗೇ ಅಲ್ವಾ? ಆ ವಯಸ್ಸಿನಾಗೆ ಕಲಿತಿದ್ದನ್ನ ಐವತ್ತಾದ್ರೂ ಬಿಡಾಕೆ ಆಗಲ್ಲ. ಪಟ್ಟಿಂಗ್ ಬರ್ಲಿ ಬಿಡ್ಲಿ, ಈ ಪಾಠವನ್ನ ನನ್ನ ಮನ್ಯಾಗೆ ಅವಳು ಕಲಿಯೋದು ಬ್ಯಾಡ ಅಂತ ಆವತ್ತೇ ತೀರ್ಮಾನ ಮಾಡಿದೆ. ಮ್ಯಾಟನ್ನ ನಾನೇ ತಗಂಡು ಹಾಸಿದೆ.

“ಹತ್ತನೇ ಕ್ಲಾಸು, ಓದೋದು ಬಿಟ್ಟು ಇದೇನು” ಅನ್ನೋರಿಗೂ ಒಂದು ಮಾತು. ಅವಳು ಆಡೋದು ಬೆಳಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ. ಅಷ್ಟು ಹೊತ್ತು ಕೈಯಾಗೆ ಫೋನ್ ಇರಲ್ಲ. ಒಂದೇ ಕೆಲಸವನ್ನ ಐವತ್ತು ಸಲ, ಬೇಜಾರಿಲ್ದಂಗೆ, ಪ್ರತಿ ಸಲ ಎಲ್ಲಿ ತಪ್ತು ಅಂತ ನೋಡ್ಕಂಡು ಮಾಡ್ತಾಳೆ. ಲೆಕ್ಕ ಬಿಡಿಸೋಕೂ ಬೇಕಾಗಿರೋದು ಇದೇ ಬುದ್ಧಿ. ಅದಿತಿ ಅಶೋಕ್ ಆಗ್ತಾಳೆ ಅಂತ ನಾನು ಹೇಳ್ತಿಲ್ಲ. ಮ್ಯಾಟ್ ಮ್ಯಾಲೆ ಆಡಿದೋರೆಲ್ಲ ಒಲಿಂಪಿಕ್ಸ್‌ಗೆ ಹೋಗಲ್ಲ. ರಂಗೋಲಿ ಹಾಕೋರೆಲ್ಲ ಚಿತ್ರಕಲೆಯಾಗೆ ಬಹುಮಾನ ತಗಂತಾರಾ? ಆದ್ರೂ ದಿನಾ ಬೆಳಗ್ಗೆ ಚುಕ್ಕಿ ಇಟ್ಟು ಗೆರೆ ಎಳೆದೇ ಎಳೀತೀವಿ. ಗೆರೆ ನೆಟ್ಟಗೆ ಬಂದ್ರೆ ಆ ದಿನ ಮನಸ್ಸಿಗೆ ಒಂಥರಾ ಸಮಾಧಾನ.

ನಮ್ಮ ವಯಸ್ಸಿನೋರೂ ಒಂದ್ಸಲ ಹಿಡಿದು ನೋಡ್ರಿ. ಬೆನ್ನು ಗೂನು ಮಾಡ್ಬ್ಯಾಡ್ರಿ, ಸೊಂಟದಿಂದ ಸ್ವಲ್ಪ ಬಗ್ಗಿ, ಮಂಡಿ ಸಡಿಲ ಬಿಟ್ಟು, ಮಣಿಕಟ್ಟು ತಿರುಗಿಸ್ದಂಗೆ ಭುಜದಿಂದ ತೂಗ್ಬೇಕು, ತೊಟ್ಟಿಲು ತೂಗಿದಂಗೆ. ಚೆಂಡು ಹೋದ ಮೇಲೂ ತಲೆ ಎತ್ತಬಾರ್ದು. ಲೋಟಕ್ಕೆ ಬಿದ್ದ ಸದ್ದು ಕಿವಿಗೆ ಬರ್ಬೇಕು, ಕಣ್ಣು ಇದ್ದಲ್ಲೇ ಇರ್ಬೇಕು. ತಲೆಸುತ್ತು ಇರೋರು, ಬೆನ್ನು ಆಪರೇಷನ್ ಆದೋರು ಬ್ಯಾಡ. ಉಳಿದೋರು ಕುಕ್ಕರ್ ಮೂರು ವಿಶಲ್ ಕೂಗೋ ತನಕ ಆಡ್ಬೋದು. ನಾನು ಹತ್ತಕ್ಕೆ ನಾಕು ಬೀಳಿಸ್ತೀನಿ. ಹುಡುಗಿ ಏಳು.

ದೀಪಾವಳಿಗೆ ಬರೋರೆಲ್ಲ ಚಪ್ಪಲಿ ಹೊರಗೆ ಬಿಟ್ಟು, ಗೋಡೆ ಬದಿಯ ಪಟ್ಟಿ ತುಳೀದಂಗೆ ಈ ಕಡೆಯಿಂದ ಒಳಗೆ ಬರ್ರಿ. ಕೂರಾಕೆ ಜಾಗ ಬೇಕಾದಷ್ಟೈತೆ. ನಿಮ್ಮ ಮನ್ಯಾಗೂ ಹೆಣ್ಣುಮಗು ಇದ್ರೆ, ಅದರ ಆಟಕ್ಕೋ ಹಾರ್ಮೋನಿಯಂಗೋ ಹೊಲಿಗೆ ಮಿಷನ್ನಿಗೋ, ಯಾರು ಬಂದ್ರೂ ಎತ್ತದಂಥ ನಾಕು ಟೈಲ್ಸ್ ಜಾಗ ಎಲ್ಲೈತೆ ಅಂತ ಇವತ್ತೇ ಎಣಿಸಿ ನೋಡ್ರಿ.