ಚುಚ್ಚುವುದು ಒಂದು ಕ್ಷಣ, ಮಾಯುವುದು ಹಲವು ತಿಂಗಳು

ಚಿನ್ನಬೆಳ್ಳಿ ಅಂಗಡಿಗಳ ಸಾಲಿನಲ್ಲಿ, ಜಾತ್ರೆಯ ಬಳೆ ಅಂಗಡಿಗಳ ನಡುವೆ, ಬ್ಯೂಟಿ ಪಾರ್ಲರುಗಳ ಗಾಜಿನ ಬಾಗಿಲ ಮೇಲೂ ‘ಇಲ್ಲಿ ಕಿವಿ, ಮೂಗು ಚುಚ್ಚಲಾಗುವುದು’ ಎಂಬ ಫಲಕ ಕಾಣುತ್ತದೆ. ಕೆಲವೆಡೆ ‘ನೋವಿಲ್ಲದೆ’ ಎಂಬ ಮಾತೂ ಸೇರಿರುತ್ತದೆ. ಮಗುವಾಗಿದ್ದಾಗ ಸೋದರಮಾವನ ತೊಡೆಯ ಮೇಲೆ ಕುಳಿತು ಕಿವಿ ಚುಚ್ಚಿಸಿಕೊಂಡದ್ದು ಯಾರಿಗೂ ನೆನಪಿರುವುದಿಲ್ಲ. ಆದುದರಿಂದ ಹದಿನಾರು, ಹದಿನೇಳರ ವಯಸ್ಸಿನಲ್ಲಿ ಮೂಗಿಗೋ ಕಿವಿಯ ಮೇಲ್ತುದಿಗೋ ಚುಚ್ಚಿಸಿಕೊಳ್ಳಲು ಹೊರಟವರ ಪಾಲಿಗೆ ಅದೇ ಮೊದಲ ಸಲ. ನೋಯುತ್ತದೆಯೇ ಎಂಬುದು ಅವರ ಮೊದಲ ಪ್ರಶ್ನೆ. ಮನೆಯಲ್ಲಿ ಏನೆನ್ನುತ್ತಾರೋ ಎಂಬುದು ಎರಡನೆಯದು. ಆದರೆ ಕೇಳಲೇಬೇಕಾದ ಪ್ರಶ್ನೆ ಮೂರನೆಯದು: ಆ ಗಾಯ ಮಾಯುವುದು ಹೇಗೆ?

ದೇಹಕ್ಕೆ ತೂತು ಮಾಡಿ ಸಿಂಗರಿಸಿಕೊಳ್ಳುವ ಆಸೆ ಇಂದಿನದಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ದೊರೆತ, ಸುಮಾರು 5,300 ವರ್ಷ ಹಿಂದಿನ ‘ಓಟ್ಜಿ’ ಎಂಬ ಮನುಷ್ಯನ ಕಿವಿಹಾಲೆಗಳಲ್ಲಿ ಹಿಗ್ಗಿಸಿದ ತೂತುಗಳಿವೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ ಕಿವಿ ಚುಚ್ಚುವ ವಿಧಾನವೂ, ಹರಿದ ಕಿವಿಯನ್ನು ಕೂಡಿಸುವ ವಿಧಾನವೂ ಇವೆ. ಮಗುವಿಗೆ ಆಟಿಕೆ ಕೊಟ್ಟು ರಮಿಸಬೇಕು, ಕಿವಿಹಾಲೆಯಲ್ಲಿ ಬಿಸಿಲು ತೂರಿ ಕಾಣುವ ತೆಳುವಾದ ಜಾಗವನ್ನು ಗುರುತಿಸಬೇಕು, ಅಲ್ಲೇ ಚುಚ್ಚಬೇಕು. ರಕ್ತ ಬಹಳ ಹರಿದರೆ, ನೋವು ಹೆಚ್ಚಿದರೆ ಜಾಗ ತಪ್ಪಿತೆಂದು ತಿಳಿಯಬೇಕು. ಎಲ್ಲಿ ಚುಚ್ಚುತ್ತೇವೆ ಎಂಬುದು ಎಷ್ಟು ಮುಖ್ಯವೆಂದು ಆ ಪ್ರಾಚೀನ ವೈದ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಕಿವಿಯ ಮೇಲ್ತುದಿಗೆ ಚುಚ್ಚಿಸಿಕೊಳ್ಳುವುದು ಕೂಡ ಹೊಸ ಹುಚ್ಚಲ್ಲ. ಕಿವಿಯ ಮೇಲಂಚಿಗೆ ಮುತ್ತಿನ ಬುಗುಡಿ ಇಡುವ ರೂಢಿ ಕರ್ನಾಟಕದಲ್ಲಿ ಹಳೆಯದು. ‘ಇದೆಂಥ ಫ್ಯಾಷನ್ನು’ ಎಂದು ಮಗಳ ಮೇಲೆ ಸಿಡುಕುವ ತಂದೆ ಗೋಡೆಗೆ ತೂಗುಹಾಕಿರುವ ತನ್ನ ಅಜ್ಜಿಯ ಫೋಟೋವನ್ನು ಒಮ್ಮೆ ನೋಡುವುದು ಒಳ್ಳೆಯದು. ಸಂಪ್ರದಾಯವೋ ಫ್ಯಾಷನ್ನೋ ಎಂಬ ಜಗಳದಲ್ಲಿ ನಿಜವಾದ ವಿಷಯ ಮರೆತುಹೋಗುತ್ತದೆ. ಚರ್ಮಕ್ಕೆ ಸಂಪ್ರದಾಯವೂ ತಿಳಿಯದು, ಫ್ಯಾಷನ್ನೂ ತಿಳಿಯದು. ಅದಕ್ಕೆ ತಿಳಿಯುವುದು ಗಾಯ ಮಾತ್ರ.

ಕಿವಿಯ ಕೆಳಗಿನ ಹಾಲೆಯನ್ನೂ ಮೇಲಿನ ಅಂಚನ್ನೂ ಬೆರಳಿನಿಂದ ಹಿಸುಕಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹಾಲೆಯಲ್ಲಿರುವುದು ಕೊಬ್ಬು ಮತ್ತು ನಾರಿನ ಅಂಗಾಂಶ. ಅಲ್ಲಿ ರಕ್ತನಾಳಗಳು ಧಾರಾಳವಾಗಿವೆ. ಗಾಯವಾದೊಡನೆ ಬಿಳಿ ರಕ್ತಕಣಗಳು ಬಂದು ರೋಗಾಣುಗಳನ್ನು ಎದುರಿಸುತ್ತವೆ. ಅನಂತರ ತೂತಿನ ಎರಡೂ ಬಾಯಿಗಳಿಂದ ಚರ್ಮದ ಜೀವಕೋಶಗಳು ಒಳಕ್ಕೆ ತೆವಳುತ್ತ ಬಂದು, ನಡುವೆ ಸಂಧಿಸಿ, ಅಂಗಿಯ ತೋಳಿನಂತೆ ಒಳಗೋಡೆಯೊಂದನ್ನು ಹೊಲಿಯುತ್ತವೆ. ಈ ಕೆಲಸಕ್ಕೆ ಹಾಲೆಯಲ್ಲಿ ಆರರಿಂದ ಎಂಟು ವಾರ ಸಾಕು. ಮೂಗಿನ ಹೊಳ್ಳೆಗೆ ಎರಡರಿಂದ ನಾಲ್ಕು ತಿಂಗಳು ಹಿಡಿಯುತ್ತದೆ.

ಮೇಲಂಚಿನ ಕಥೆ ಬೇರೆ. ಅಲ್ಲಿರುವುದು ಮೃದ್ವಸ್ಥಿ. ಅದಕ್ಕೆ ತನ್ನದೇ ರಕ್ತನಾಳಗಳಿಲ್ಲ. ಅದನ್ನು ಹೊದ್ದಿರುವ ತೆಳುಪೊರೆಯಿಂದ ಆಹಾರ, ಆಮ್ಲಜನಕಗಳು ವಿಸರಣೆಯ ಮೂಲಕ ನಿಧಾನವಾಗಿ ಇಳಿದು ಬರಬೇಕು. ಆದುದರಿಂದ ಅಲ್ಲಿನ ಗಾಯ ಪೂರ್ತಿ ಮಾಯಲು ಹಲವು ತಿಂಗಳು, ಕೆಲವರಿಗೆ ಒಂದು ವರ್ಷವೇ ಬೇಕಾಗಬಹುದು. ರೋಗಾಣು ಹೊಕ್ಕು ಕೀವು ತುಂಬಿದರೆ ಪೊರೆ ಮೃದ್ವಸ್ಥಿಯಿಂದ ಬಿಟ್ಟುಕೊಳ್ಳುತ್ತದೆ. ಆಗ ಮೃದ್ವಸ್ಥಿಗೆ ಉಪವಾಸ. ಬೇಗನೆ ಚಿಕಿತ್ಸೆ ದೊರೆಯದಿದ್ದರೆ ಅದು ಸತ್ತು, ಕಿವಿ ಹೂಕೋಸಿನಂತೆ ಮುದುರುತ್ತದೆ. ಒಮ್ಮೆ ಮುದುರಿದ ಕಿವಿ ಮೊದಲಿನ ಆಕಾರಕ್ಕೆ ತಾನಾಗಿ ಮರಳುವುದಿಲ್ಲ.

ಇದು ಬರಿಯ ಹೆದರಿಕೆಯ ಮಾತಲ್ಲ. 2000ನೇ ಇಸವಿಯಲ್ಲಿ ಅಮೆರಿಕದ ಆರೆಗನ್ ರಾಜ್ಯದ ಒಡವೆ ಮಳಿಗೆಯೊಂದರಲ್ಲಿ ಕಿವಿ ಚುಚ್ಚಿಸಿಕೊಂಡವರಲ್ಲಿ ಸೋಂಕು ಕಾಣಿಸಿಕೊಂಡಿತು. ಆರೋಗ್ಯಾಧಿಕಾರಿಗಳು 118 ಜನರನ್ನು ವಿಚಾರಿಸಿದಾಗ ಏಳು ಮಂದಿಗೆ ‘ಸ್ಯೂಡೋಮೊನಾಸ್ ಏರುಜಿನೋಸಾ’ ಎಂಬ ಬ್ಯಾಕ್ಟೀರಿಯದ ಸೋಂಕು ಖಚಿತವಾಯಿತು. ಎಲ್ಲರೂ 10ರಿಂದ 19 ವರ್ಷದೊಳಗಿನವರು. ನಾಲ್ವರು ಆಸ್ಪತ್ರೆ ಸೇರಬೇಕಾಯಿತು. ಕೆಲವರ ಕಿವಿ ಶಾಶ್ವತವಾಗಿ ವಿಕಾರವಾಯಿತು. ಅದೇ ಬ್ಯಾಕ್ಟೀರಿಯ ಅಲ್ಲಿನ ಕ್ರಿಮಿನಾಶಕದ ಬಾಟಲಿಯಲ್ಲೇ ಸಿಕ್ಕಿತು! ಶುದ್ಧಿಗೆಂದು ಇಟ್ಟ ದ್ರವವೇ ರೋಗವನ್ನು ಹರಡಬಹುದು. ಈ ಬ್ಯಾಕ್ಟೀರಿಯ ನೀರು, ಮಣ್ಣು, ಕೈತೊಳೆಯುವ ತೊಟ್ಟಿಗಳಲ್ಲಿ ಸಾಮಾನ್ಯ. ಎಷ್ಟೋ ಪ್ರತಿಜೈವಿಕ ಔಷಧಗಳಿಗೆ ಅದು ಜಗ್ಗುವುದಿಲ್ಲ. ಔಷಧದಂಗಡಿಯಲ್ಲಿ ಕೇಳಿ ತಂದ ಮಾತ್ರೆ ಇಲ್ಲಿ ಕೆಲಸಕ್ಕೆ ಬಾರದೇ ಹೋಗುವುದು ಅದಕ್ಕೇ.

ಉಪಕರಣದ ವಿಷಯಕ್ಕೆ ಬರೋಣ. ಅಂಗಡಿಗಳಲ್ಲಿ ಬಳಸುವ ‘ಗನ್’ ಸ್ಪ್ರಿಂಗಿನ ಬಲದಿಂದ ಒಡವೆಯ ಮೊಂಡು ತುದಿಯನ್ನೇ ಮಾಂಸದೊಳಕ್ಕೆ ನೂಕುತ್ತದೆ. ಟೊಳ್ಳಾದ ಚೂಪು ಸೂಜಿ ಕತ್ತರಿಸಿ ದಾರಿ ಮಾಡುತ್ತದೆ. ಗನ್ ಜಜ್ಜಿ ದಾರಿ ಮಾಡುತ್ತದೆ. ಹಾಲೆ ಅದನ್ನು ಹೇಗೋ ತಾಳಿಕೊಳ್ಳಬಹುದು, ಮೃದ್ವಸ್ಥಿ ತಾಳುವುದು ಕಷ್ಟ. ಜೊತೆಗೆ ಪ್ಲಾಸ್ಟಿಕ್ ಗನ್ನನ್ನು ಆಟೋಕ್ಲೇವಿನಲ್ಲಿ ಇಡಲಾಗದು. ಆಟೋಕ್ಲೇವ್ ಎಂದರೆ ಅಡುಗೆಮನೆಯ ಪ್ರೆಷರ್ ಕುಕ್ಕರಿನ ದೊಡ್ಡಣ್ಣ. ಸುಮಾರು 15 ಪೌಂಡ್ ಒತ್ತಡದ ಹಬೆಯಲ್ಲಿ ಉಷ್ಣತೆ 121 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಕುದಿಯುವ ನೀರಿನಲ್ಲಿ ಸಾಯದ ಬ್ಯಾಕ್ಟೀರಿಯದ ಬೀಜಕಗಳೂ ಆ ಬಿಸಿಯಲ್ಲಿ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಸಾಯುತ್ತವೆ. ಸೂಜಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದ ಮಾತ್ರಕ್ಕೆ ಅಷ್ಟು ಶುದ್ಧಿ ಬರುವುದಿಲ್ಲ. ಒಬ್ಬರ ರಕ್ತ ತಾಗಿದ ಸೂಜಿ ಇನ್ನೊಬ್ಬರಿಗೆ ತಾಗಿದರೆ ಹೆಪಟೈಟಿಸ್-ಬಿ, ಹೆಪಟೈಟಿಸ್-ಸಿ, ಎಚ್‌ಐವಿ ಹರಡುವ ಅಪಾಯವಿದೆ. ಆದುದರಿಂದ ಕಣ್ಣೆದುರಿಗೇ ಪೊಟ್ಟಣ ಒಡೆದು ತೆಗೆದ ಹೊಸ ಸೂಜಿ, ತೊಳೆದ ಕೈಗೆ ಹೊಸ ಕೈಗವಸು ಇವೆಯೇ ಎಂದು ನೋಡಬೇಕು. ಕೇಳಲು ಸಂಕೋಚ ಬೇಡ. ಕೇಳಿದ್ದಕ್ಕೆ ಮುನಿಸಿಕೊಳ್ಳುವವರಲ್ಲಿ ಚುಚ್ಚಿಸಿಕೊಳ್ಳಲೂಬೇಡಿ.

ಮೊದಲು ಹಾಕುವ ಒಡವೆಯ ಲೋಹವೂ ಮುಖ್ಯ. ಅಗ್ಗದ ಮೆರುಗಿನ ಒಡವೆಗಳಲ್ಲಿ ನಿಕ್ಕಲ್ ಇರುವುದು ಸಾಮಾನ್ಯ. ಹಸಿ ಗಾಯದ ದ್ರವದಲ್ಲಿ ಅದು ಸ್ವಲ್ಪಸ್ವಲ್ಪವೇ ಕರಗಿ ದೇಹದೊಳಕ್ಕೆ ಸೇರುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ಒಮ್ಮೆ ಅದನ್ನು ಶತ್ರುವೆಂದು ಗುರುತು ಹಿಡಿದರೆ ಮುಗಿಯಿತು. ಮುಂದೆ ಗಡಿಯಾರದ ಪಟ್ಟಿ, ಬೆಲ್ಟಿನ ಬಕಲ್ ತಾಗಿದರೂ ತುರಿಕೆ. ಡೆನ್ಮಾರ್ಕ್ 1990ರ ಸುಮಾರಿಗೆ ನಿಕ್ಕಲ್ ಒಡವೆಗಳಿಗೆ ಕಡಿವಾಣ ಹಾಕಿತು. ಅಲ್ಲಿ 1992ಕ್ಕೆ ಮೊದಲು ಕಿವಿ ಚುಚ್ಚಿಸಿಕೊಂಡ ಹುಡುಗಿಯರಲ್ಲಿ ನೂರಕ್ಕೆ ಸುಮಾರು 17 ಮಂದಿಗೆ ನಿಕ್ಕಲ್ ಅಲರ್ಜಿ ಇದ್ದರೆ, ಅನಂತರ ಚುಚ್ಚಿಸಿಕೊಂಡವರಲ್ಲಿ ಅದು 4ಕ್ಕೆ ಇಳಿದಿತ್ತು. ಅಕ್ಕಸಾಲಿಗರು ಚಿನ್ನದ ತಂತಿಯಿಂದಲೇ ಚುಚ್ಚುತ್ತಿದ್ದುದರಲ್ಲಿ ಅರ್ಥವಿತ್ತು. ಚಿನ್ನ ಸುಲಭವಾಗಿ ವರ್ತಿಸದ ಲೋಹ. ನಿಕ್ಕಲ್ ಬೆರೆಯದ ಒಳ್ಳೆಯ ಚಿನ್ನ ಅಥವಾ ದೇಹದೊಳಗೆ ಜೋಡಿಸಲು ಬಳಸುವ ದರ್ಜೆಯ ಟೈಟಾನಿಯಂ ಮೊದಲ ಒಡವೆಗೆ ತಕ್ಕದ್ದು.

ಚುಚ್ಚಿಸಿಕೊಂಡ ಮೇಲೆ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ಸಾಬೂನಿನಿಂದ ಕೈ ತೊಳೆಯದೆ ಗಾಯ ಮುಟ್ಟಬಾರದು. ಒಡವೆಯನ್ನು ತಿರುಗಿಸುತ್ತಿರಬೇಕೆಂಬುದು ಹಳೆಯ ನಂಬಿಕೆ. ತಿರುಗಿಸಿದರೆ ಆಗತಾನೇ ಮೂಡುತ್ತಿರುವ ಒಳಗೋಡೆ ಹರಿಯುತ್ತದೆ. ಔಷಧದಂಗಡಿಯಲ್ಲಿ ಸಿಗುವ ಶೇಕಡಾ 0.9ರ ಸಲೈನ್ ದ್ರಾವಣದಿಂದ ದಿನಕ್ಕೆ ಎರಡು ಸಲ ತೊಳೆದು ಒಣಗಿಸಿದರೆ ಸಾಕು. ಅರಿಶಿನ, ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟ್ ಹಚ್ಚುವುದು ಬೇಡ. ಕೆರೆ, ಈಜುಕೊಳಗಳಲ್ಲಿ ಕೆಲವು ವಾರ ಈಜಬಾರದು.

ಹೊರಡುವ ಮೊದಲೂ ಕೆಲವು ಲೆಕ್ಕಗಳಿವೆ. ಧನುರ್ವಾಯು ಲಸಿಕೆ ಹಾಕಿಸಿದೆಯೇ? ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ 10 ಮತ್ತು 16ನೆಯ ವಯಸ್ಸಿನಲ್ಲಿ ಅದನ್ನು ಕೊಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಗಾಯದ ಕಲೆ ಗಂಟಾಗಿ ಬೆಳೆಯುವ ‘ಕೀಲಾಯ್ಡ್’ ಇದೆಯೇ? ಅದು ವಂಶದಲ್ಲಿ ಬರುತ್ತದೆ. ಹದಿಹರೆಯದಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ, ಹೃದಯದ ಕವಾಟದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಸಿನಿಮಾ ನೋಡಿ ಹೊಕ್ಕುಳಿಗೆ, ನಾಲಿಗೆಗೆ, ಬಟ್ಟೆಯ ಮರೆಯ ಅಂಗಗಳಿಗೂ ಚುಚ್ಚಿಸಿಕೊಳ್ಳುವ ಮಾತು ಈಗ ಕಾಲೇಜುಗಳಲ್ಲಿ ಕೇಳುತ್ತದೆ. ಬೆವರು, ಬಟ್ಟೆಯ ಉಜ್ಜಾಟ ಇರುವಲ್ಲಿ ಗಾಯ ಬೇಗ ಮಾಯದು. ನಾಲಿಗೆ ಊದಿ ಉಸಿರಿಗೇ ತೊಡಕಾಗಬಹುದು. ಲೋಹದ ಗುಂಡು ತಾಗಿ ತಾಗಿ ಹಲ್ಲು ಸೀಳುತ್ತದೆ, ಒಸಡು ಸವೆಯುತ್ತದೆ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ 18 ತುಂಬದವರ ಗುಪ್ತ ಭಾಗಗಳನ್ನು ಚುಚ್ಚುವುದು 2018ರ ಫೆಬ್ರವರಿಯಿಂದ ಅಪರಾಧ. ಆ ಪಟ್ಟಿಯಲ್ಲಿ ನಾಲಿಗೆಯನ್ನೂ ಸೇರಿಸಲಾಗಿದೆ. ಹದಿನೆಂಟರವರೆಗೆ ಕಾಯಿರಿ ಎಂಬ ಈ ಮಾತಿನಲ್ಲಿ ವಿವೇಕವಿದೆ.

ಕೊನೆಯದಾಗಿ, ಹೆತ್ತವರು ಗಮನಿಸಬೇಕಾದ ಸಂಗತಿ. ಮೊದಲ ಕೆಲವು ದಿನ ತುಸು ಕೆಂಪು, ತುಸು ಊತ, ತಿಳಿಯಾದ ದ್ರವ ಒಸರುವುದು ಸಹಜ. ದಿನ ಕಳೆದಂತೆ ನೋವು ಏರುತ್ತ ಹೋದರೆ, ಕಿವಿಯ ಮೇಲ್ಭಾಗ ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ, ಕೀವು ಬಂದರೆ, ಜ್ವರ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಒಡವೆಯನ್ನು ತೆಗೆಯಬೇಕೋ ಬೇಡವೋ ಎಂಬುದನ್ನೂ ಅವರೇ ಹೇಳಲಿ. ಆದರೆ ಮನೆಗೆ ಹೇಳದೆ ಚುಚ್ಚಿಸಿಕೊಂಡ ಹುಡುಗಿ ಏನು ಮಾಡುತ್ತಾಳೆ? ಕೂದಲು ಇಳಿಬಿಟ್ಟು ಕಿವಿ ಮುಚ್ಚಿಕೊಳ್ಳುತ್ತಾಳೆ. ಬೈಗುಳಕ್ಕೆ ಹೆದರಿ ನಾಲ್ಕು ದಿನ ನೋವು ನುಂಗುತ್ತಾಳೆ. ಮೃದ್ವಸ್ಥಿಯ ಮಟ್ಟಿಗೆ ಆ ನಾಲ್ಕು ದಿನಗಳೇ ದುಬಾರಿ. ‘ಬೇಡ’ ಎಂದು ಬಾಗಿಲು ಹಾಕುವ ಬದಲು ‘ಎಲ್ಲಿ, ಯಾರಿಂದ, ಯಾವಾಗ’ ಎಂದು ಕೂತು ಮಾತಾಡಿದರೆ ಅರ್ಧ ಅಪಾಯ ಅಲ್ಲಿಗೇ ತಪ್ಪುತ್ತದೆ. ಪರೀಕ್ಷೆ ಮುಗಿಯಲಿ, ರಜೆ ಬರಲಿ, ಅಮ್ಮನೂ ಜೊತೆಗೆ ಬರಲಿ. ಬುಗುಡಿ ಅಷ್ಟು ದಿನ ಕಾಯುತ್ತದೆ.